ಪಿಸ್ತೂಲು ಕಲಿಯಲು ಹೊರಟ ಅಂಗಡಿಯವ

ಕೆಲವರು ಎಷ್ಟೇ ಗಂಭೀರವಾಗಿ ಹೊರಟರೂ ನಗೆಪಾಟಲಾಗಿಯೇ ಮನೆಗೆ ಬರುತ್ತಾರೆ. ನಾನು ಆ ಪೈಕಿ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ ನಮ್ಮದೊಂದು ಡೈರಿ. ಮೂಲೆ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ಎರಡು ಸಾವಿರದ ಆರೋ ಏಳೋ ಇರಬೇಕು, ಒಂದು ಮಧ್ಯಾಹ್ನ ಯಾವನೋ ಚಾಕು ತೋರಿಸಿ ಸಿಗರೇಟೆಲ್ಲ ಬಾಚಿಕೊಂಡು ಹೋದ. ಎರಡು ದಿನ ಅಂಗಡಿ ಬಾಗಿಲೇ ತೆಗೆಯಲಿಲ್ಲ. ಮೂರನೇ ದಿನ ಪಿಸ್ತೂಲು ಕಲಿಯಲು ಹೊರಟೆ.

೧. ಕಾರಣ

ಊರಾಚೆಯ ಪಿಸ್ತೂಲು ಕ್ಲಬ್ಬಿನ ಕೋಚ್ ಎಪ್ಪತ್ತು ದಾಟಿದ, ಈ ದೇಶದವರೇ ಆದ ಅಜ್ಜ, ಹಿಂದೆ ಹಸು ಸಾಕಿದವರು.

"ಯಾಕೆ ಕಲೀಬೇಕು?"

"ಆತ್ಮರಕ್ಷಣೆಗೆ."

ಅಜ್ಜ ಪೆನ್ನು ಕೆಳಗಿಟ್ಟರು. "ಈ ದೇಶದಲ್ಲಿ ಆ ಕಾರಣ ನಡೆಯಲ್ಲ. ಇದು ಬರೀ ಆಟ. ಇಲ್ಲಿ ಹೊಡೆಯೋದು ಕಾಗದಕ್ಕೆ. ಪಿಸ್ತೂಲನ್ನ ಅಂಗಡೀಲಿ ಇಟ್ಕೊಳ್ಳೋ ಹಾಗಿಲ್ಲ."

"ಮತ್ತೆ ಕಳ್ಳ ಬಂದ್ರೆ?"

"ಶನಿವಾರ ಇಲ್ಲಿಗೇ ಕರ್ಕೊಂಡ್ ಬಾ. ಅವನ್ನೂ ಮೆಂಬರ್ ಮಾಡ್ಕೊಳ್ಳೋಣ."

೨. ರಿಮೋಟು

ಆದರೂ ನನ್ನ ಕಥೆ ಕೇಳಿ, ಚಹಾ ಕುಡಿಸಿ, ಆಟಕ್ಕೆಂದೇ ಸೇರಿಸಿಕೊಂಡರು. ಮೊದಲ ಮೂರು ಶನಿವಾರ ಗುಂಡೇ ಇಲ್ಲ. ಬೆರಳು ಟ್ರಿಗರ್‌ನಿಂದ ಹೊರಗೆ, ಗುರಿಯ ಹಿಂದೆ ಏನಿದೆ ನೋಡು, ಇಷ್ಟೇ ಪಾಠ. ಅದು ಮೈಗೆ ಹತ್ತಿಬಿಟ್ಟಿತು.

"ಏನ್ರೀ, ರಿಮೋಟ್ ಹಿಡ್ಕೊಂಡು ಹಂಗ್ಯಾಕ ನಿಂತೀರಿ? ಚಾನೆಲ್ ಬದಲಾಸ್ರಿ!" ಅಂದಳು ಹೆಂಡತಿ.

"ಟಿವಿ ಹಿಂದ ಏನೈತಿ ಅಂತ ಖಾತ್ರಿ ಆಗಲಾರ್ದ ಒತ್ತಬಾರ್ದು."

"ಟಿವಿ ಹಿಂದ ತಿಂಗಳ ಧೂಳ ಐತಿ. ಮೊದ್ಲ ಅದನ್ನ ಹೊಡೀರಿ!"

೩. ಕೇಕು

ನಾಲ್ಕನೇ ಶನಿವಾರ ಹತ್ತು ಗುಂಡು ಹಾರಿಸಿದೆ. ಪಕ್ಕದಲ್ಲಿ ಒಬ್ಬ ನರ್ಸ್ ಆಂಟಿ ಹತ್ತು ಹಾರಿಸಿದರು. ಅವರ ಕಾಗದದಲ್ಲಿ ಹನ್ನೆರಡು ತೂತು! ಆ ದಿನದ ಬಹುಮಾನದ ಕೇಕು ಅವರಿಗೇ ಬಂತು. ನನ್ನ ಕಡೆ ತಿರುಗಿ "ಚಿಯರ್ಸ್" ಅಂದರು; ಇಲ್ಲಿ ಥ್ಯಾಂಕ್ಸ್ ಅನ್ನೋ ಬದಲು ಅದೇ ಮಾತು. ನ್ಯಾಯವಂತ ಹೆಂಗಸು. ಹನ್ನೆರಡು ತುಂಡು ಮಾಡಿ ಎರಡು ನನಗೆ ಕೊಟ್ಟರು.

೪. ಕೊನೆಯ ಪಾಠ

ನನ್ನ ಗುರಿ ಕಂಡ ಮೇಲೆ ಅಜ್ಜ ತಾವಾಗಿಯೇ ನಮ್ಮ ಅಂಗಡಿಗೆ ಬಂದರು. "ನಿಮಗೆ ಬೇಕಾದ ಪಾಠ ಬೇರೆ. ಮೊದಲನೇದು, ಬದುಕಿರೋದು. ಎರಡನೇದೂ ಅದೇ. ಕೈ ಕಾಣೋ ಹಾಗೆ ಎತ್ತಿ, ಹಿಂದೆ ಸರೀರಿ, ಕೇಳಿದ್ದು ಕೊಡಿ, ಹೋಗೋಕೆ ದಾರಿ ಬಿಡಿ." ಗಂಡ ಹೆಂಡತಿ ಇಬ್ಬರಿಗೂ ಹತ್ತು ಸಲ ಮಾಡಿಸಿದರು. ಒಂದು ಪೈಸೆ ಮುಟ್ಟಲಿಲ್ಲ. ಇವತ್ತು ನಾನು ಕೂತು ಇದನ್ನು ಬರೆಯುತ್ತಿರುವುದು ಆ ಪುಣ್ಯಾತ್ಮನಿಂದ.

ಯಾಕೆಂದರೆ ಎರಡೇ ತಿಂಗಳಿಗೆ ಇನ್ನೊಬ್ಬ ಚಾಕು ಹಿಡಿದು ಬಂದ. ಇಬ್ಬರೂ ಕೈ ಎತ್ತಿ ಹಿಂದೆ ಸರಿದೆವು. ಅವನು ಚೀಲ ತುಂಬಿಕೊಂಡು ಬಾಗಿಲಿಗೆ ಓಡಿ, ಹಿಡಿಕೆ ಹಿಡಿದು ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಮುಖ ಕೆಂಪಾಗಿ, ಚಾಕು ಹಿಡಿದೇ ನಮ್ಮ ಕಡೆ ತಿರುಗಿದ.

ಆಗ ಹೆಂಡತಿ, ಕೈ ಎತ್ತಿಕೊಂಡೇ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ಕೂಗಿದಳು: "ಎಳೀಬ್ಯಾಡೋ ಯಪ್ಪಾ, ನೂಕು!"

ಏನು ತಿಳಿಯಿತೋ, ನೂಕಿದ. ಬಾಗಿಲು ತೆರೆಯಿತು. ಹೊರಗೆ ಕಾಲಿಟ್ಟವನು ತಿರುಗಿ ನೋಡಿ, "ಚಿಯರ್ಸ್, ಆಂಟಿ!" ಅಂದು ಓಡಿದ.