ಸೀಟು ಸಾಹೇಬರಿಗೊಂದು ಸೀಟು

"ಸ್ಕೂಲಿನ ಚಿಂತೆ ನೀನು ಮಾಡಬೇಡ. ಸೀಟು ಕೊಡಿಸೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಈ ಭೀಷ್ಮಪ್ರತಿಜ್ಞೆ ಹೊರಬಿದ್ದಾಗ ನಮ್ಮ ಕಥಾನಾಯಕರು ಹಳೆಯ ಊರಿನ ಮನೆಯ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಹೆಂಡತಿಗೆ ಬಡ್ತಿ ಸಿಕ್ಕಿ, ಹೊಸ ನಗರದ ಕಣ್ಣಾಸ್ಪತ್ರೆಗೆ ವರ್ಗವಾಗಿತ್ತು. ಇವರ ಕಚೇರಿಯ ಶಾಖೆ ಅಲ್ಲೂ ಇದ್ದುದರಿಂದ ಇವರಿಗೂ ವರ್ಗ ಸಿಕ್ಕಿತು. ಮನೆ ಸಿಕ್ಕಿತು, ಸಾಮಾನು ಸಾಗಿಸಲು ಲಾರಿ ಸಿಕ್ಕಿತು. ಸಿಗಬೇಕಾದದ್ದು ಇಬ್ಬರು ಮಕ್ಕಳಿಗೆ ಶಾಲೆ ಮಾತ್ರ.

ಕಥಾನಾಯಕರು ಪ್ರಯಾಣದ ಟಿಕೆಟ್ ಕಾದಿರಿಸುವ ಕಚೇರಿಯಲ್ಲಿ ಕೆಲಸಕ್ಕಿದ್ದರು. ರಜೆ ಶುರುವಾಗುವ ದಿನ, ರೈಲಿನ ಬಾಗಿಲಲ್ಲಿ ಜನ ಜೋತುಬಿದ್ದಿರುವಾಗ, ಕಿಟಕಿ ಪಕ್ಕದ ಸೀಟೇ ಬೇಕು ಅನ್ನುವವರು ಬಂದು ನಿಲ್ಲುತ್ತಿದ್ದುದು ಇವರ ಮೇಜಿನ ಮುಂದೆ. 'ಇಲ್ಲ' ಎಂಬ ಪದ ಇವರ ನಿಘಂಟಿನಲ್ಲೇ ಇರಲಿಲ್ಲ. ಇದ್ದಿದ್ದರೂ ಅದಕ್ಕೊಂದು ಸೀಟು ಕೊಡಿಸಿ ಬೇರೆ ಊರಿಗೆ ಕಳಿಸಿಬಿಡುತ್ತಿದ್ದರು! ಸಹೋದ್ಯೋಗಿಗಳು ಇವರನ್ನು ಸೀಟು ಸಾಹೇಬ್ರು ಎಂದೇ ಕರೆಯುತ್ತಿದ್ದರು. ಆ ಹೆಸರಿನಲ್ಲಿ ಪ್ರೀತಿಯ ಪಾಲೆಷ್ಟು, ಗೇಲಿಯ ಪಾಲೆಷ್ಟು ಎಂದು ಸಾಹೇಬರು ಯಾವತ್ತೂ ವಿಚಾರಿಸಲು ಹೋದವರಲ್ಲ.

ಹೆಂಡತಿ ಕಣ್ಣಾಸ್ಪತ್ರೆಯವಳಾದ್ದರಿಂದಲೋ ಏನೋ, ಗಂಡನ ಮಾತನ್ನು ಕೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತಿದ್ದಳು. ಆಗಲೂ ಸುಮ್ಮನೆ ಒಮ್ಮೆ ನೋಡಿದಳು. ಆಮೇಲೆ ನಡುನಡುವೆ ಸ್ಕೂಲಿನ ವಿಷಯ ಏನಾಯಿತು ಎಂದು ಕೇಳುತ್ತ ಬಂದಳು. ಒಳ್ಳೆಯ ಸೀಟು ಬಿಡುವುದೇ ಕೊನೆಯ ಗಳಿಗೆಯಲ್ಲಿ, ಮೊದಲೇ ಹೋಗಿ ಮೂಲೆಯ ಸೀಟು ಹಿಡಿಯುವವರು ಈ ವಿದ್ಯೆಯ ಗಂಧ ಗಾಳಿ ಗೊತ್ತಿಲ್ಲದವರು ಎಂದು ಸಾಹೇಬರು ಸಮಾಧಾನ ಹೇಳುತ್ತ ಬಂದರು.

ಹೀಗೆ ಹೇಳುತ್ತ ಹೇಳುತ್ತ ಹೊಸ ಊರು ಬಂದೇಬಿಟ್ಟಿತು. ಬಿಚ್ಚದ ಪೆಟ್ಟಿಗೆಗಳ ಸಂದಿಯಲ್ಲಿ ಅಡ್ಡಡ್ಡ ನಡೆಯುತ್ತ, ಪೆಟ್ಟಿಗೆಯ ಮೇಲೇ ತಟ್ಟೆ ಇಟ್ಟುಕೊಂಡು ಊಟ ಮಾಡುವಾಗ ಹೆಂಡತಿ ಲೆಕ್ಕ ಒಪ್ಪಿಸಿದಳು. ಸೋಮವಾರ ಶಾಲೆಗಳು ಶುರು. ಹಳೆಯ ಊರಿನಲ್ಲಿರುವ ಅವಳ ಅಕ್ಕ ಮಕ್ಕಳನ್ನು ಒಂದು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಹಳೆಯ ಶಾಲೆಗೇ ಕಳಿಸುತ್ತೇನೆ ಎಂದಿದ್ದಾಳೆ.

"ಸೋಮವಾರದೊಳಗೆ ಆಗದಿದ್ದರೆ ಕಳಿಸಿಬಿಡ್ತೀನಿ. ಒಂದು ವರ್ಷ ಮನೇಲಿ ಕೂರಿಸಿಕೊಳ್ಳೋಕಾಗಲ್ಲ" ಎಂದಳು.

ಮಗಳು ಆರನೆಯ ತರಗತಿಯವಳು. ಗೆಳತಿಯರನ್ನು ಬಿಟ್ಟುಬಂದ ದಿನದಿಂದ ಅವಳ ಬಾಯಲ್ಲಿ ಹೂಂ, ಉಹೂಂ ಬಿಟ್ಟು ಮೂರನೆಯ ಮಾತಿರಲಿಲ್ಲ. ಅವಳು ಊಟದಿಂದ ಎದ್ದುಹೋಗಿ, ಅರ್ಧ ಬಿಚ್ಚಿದ್ದ ತನ್ನ ಬ್ಯಾಗಿಗೆ ಬಟ್ಟೆಗಳನ್ನು ಮತ್ತೆ ತುಂಬತೊಡಗಿದಳು. ಒಂದನೆಯ ತರಗತಿಗೆ ಸೇರಬೇಕಾದ ಮಗ, ದೊಡ್ಡಮ್ಮನ ಮನೆಯಲ್ಲಿ ತನಗೆ ಕಿಟಕಿ ಪಕ್ಕದ ಮಂಚವೇ ಬೇಕು ಎಂದ. ಮಕ್ಕಳಿಲ್ಲದ ಮನೆಗೆ ಸಂಜೆ ಹೇಗೆ ಕಾಲಿಡುವುದು ಎಂದು ನೆನೆದೇ ಸಾಹೇಬರಿಗೆ ಅಳು ಬಂತು. ಅಳು ಬಂದಾಗಲೆಲ್ಲ ಅವರು ಗಟ್ಟಿಯಾಗಿ ಮಾತಾಡುತ್ತಿದ್ದರು. "ನಾಳೆ ಸೀಟು ಹಿಡಿಯದೆ ಮನೆಗೆ ಬಂದರೆ ನನ್ನ ಹೆಸರು ಬದಲಾಯಿಸು" ಎಂದು ಘೋಷಿಸಿಬಿಟ್ಟರು.

ಮಾರನೆಯ ದಿನ ಕೋಟು ತೊಟ್ಟು, ಮಕ್ಕಳ ತಲೆ ಬಾಚಿಸಿಕೊಂಡು ಸಾಹೇಬರು ದಂಡಯಾತ್ರೆ ಹೊರಟರು. ಮೊದಲನೆಯ ಶಾಲೆಯಲ್ಲಿ ಎಲ್ಲ ಭರ್ತಿ ಎಂದರು. ಸಾಹೇಬರು ಕೌಂಟರಿನ ಮೇಲೆ ಮೊಣಕೈ ಊರಿ, ತಗ್ಗಿದ ದನಿಯಲ್ಲಿ, ಕ್ಯಾನ್ಸಲ್ ಆದ ಸೀಟುಗಳನ್ನು ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಕೇಳಿದರು. ಮಕ್ಕಳು ಕ್ಯಾನ್ಸಲ್ ಆಗುವುದಿಲ್ಲ ಎಂದು ಉತ್ತರ ಬಂತು.

ಎರಡನೆಯ ಶಾಲೆಯಲ್ಲಿ ಸಣ್ಣ ಆಸೆ ಹುಟ್ಟಿತು. ಮುಖ್ಯೋಪಾಧ್ಯಾಯರು ಮಗನನ್ನು ಹತ್ತಿರ ಕರೆದು, ನಮ್ಮ ಶಾಲೆ ನಿನಗೆ ಯಾಕೆ ಇಷ್ಟ ಮರಿ ಎಂದು ಕೇಳಿದರು.

"ಬೇರೆ ಕಡೆ ಆಗಲಿಲ್ಲ ಅಂತ" ಎಂದ ಮಗ.

ಅಲ್ಲಿಂದ ಹೊರಬಿದ್ದ ಸಾಹೇಬರು ಮೂರನೆಯ ಶಾಲೆ ಮುಟ್ಟುವ ಹೊತ್ತಿಗೆ ಕೋಟು ಕೈಗೆ ಬಂದಿತ್ತು, ಮಕ್ಕಳ ತಲೆ ಮೊದಲಿನಂತೆ ಕೆದರಿತ್ತು. ಶಾಲೆ ಮನೆಗೆ ಹತ್ತಿರ, ಅಂಗಳದಲ್ಲಿ ದೊಡ್ಡ ಜಾರುಬಂಡೆ. ಮಗಳು ಗ್ರಂಥಾಲಯದ ಕಿಟಕಿಯ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ. ಇದೇ ಆಗಬೇಕು ಎಂದು ಸಾಹೇಬರಿಗೆ ಅನಿಸಿಬಿಟ್ಟಿತು. ಕೌಂಟರಿನ ಹಿಂದಿದ್ದ ಮೇಡಂ ಮಾತ್ರ ರಿಜಿಸ್ಟರಿನಿಂದ ತಲೆಯನ್ನೇ ಎತ್ತಲಿಲ್ಲ.

"ಅಕ್ಕನ ತರಗತಿ ಭರ್ತಿ. ತಮ್ಮನ ತರಗತಿಯೂ ಭರ್ತಿ. ಇಲ್ಲಿ ಕಲೀತಿರೋರ ಮನೆಯವರಿಗೆ ಅಂತ ಪ್ರತಿ ತರಗತಿಯಲ್ಲೂ ಒಂದೆರಡು ಜಾಗ ಎತ್ತಿಟ್ಟಿರ್ತೀವಿ. ಅಷ್ಟು ಬಿಟ್ಟರೆ ಏನೂ ಇಲ್ಲ."

ಸಾಹೇಬರ ಮುಖ ಅರಳಿತು. "ಸರಿಹೋಯ್ತಲ್ಲ ಮತ್ತೆ! ಅಕ್ಕ ಇಲ್ಲಿದ್ದರೆ ತಮ್ಮನಿಗೆ ಜಾಗ. ತಮ್ಮ ಇಲ್ಲಿದ್ದರೆ ಅಕ್ಕನಿಗೆ ಜಾಗ. ಇಬ್ಬರನ್ನೂ ಸೇರಿಸಿಕೊಂಡುಬಿಡಿ."

"ಮೊದಲು ಯಾರನ್ನ?"

"ಇಬ್ಬರನ್ನೂ ಒಂದೇ ಸಲ. ಕೈ ಕೈ ಹಿಡಿದುಕೊಂಡು ಬಾಗಿಲು ದಾಟ್ತಾರೆ."

"ದಾಟೋವಾಗ ಇಬ್ಬರಲ್ಲಿ ಒಬ್ಬರೂ ಇಲ್ಲಿಯವರಲ್ಲವಲ್ಲ" ಎಂದು ಮೇಡಂ ಪುಟ ತಿರುಗಿಸಿದರು.

ಸಾಹೇಬರು ವಾದಿಸಿದರು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಲ್ಲಿಗೆ ಮಾತು ಮುಟ್ಟಿ, ಅಲ್ಲೇ ನಿಂತಿತು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಇನ್ನೇನು ಸೋತು ತಿರುಗಬೇಕು, ಆಗ ತಾವೇ ಸಾವಿರಾರು ಪ್ರಯಾಣಿಕರಿಗೆ ಹೇಳಿದ್ದ ಮಂತ್ರ ನೆನಪಾಯಿತು: ಮೊದಲು ರೈಲು ಹತ್ತಿಬಿಡಿ, ಯಾವ ಬೋಗಿಯಾದರೂ ಸರಿ, ಜಾಗ ಬದಲಾಯಿಸಿಕೊಳ್ಳೋದು ಒಳಗೆ ಹೋದಮೇಲೆ.

"ಮೇಡಂ, ಈ ಇಡೀ ಕಟ್ಟಡದಲ್ಲಿ ಎಲ್ಲಾದರೂ ಒಂದೇ ಒಂದು ಸೀಟು ಖಾಲಿ ಇದೆಯಾ?"

ಮೇಡಂ ಮೊದಲ ಸಲ ತಲೆ ಎತ್ತಿದರು. "ಒಂದಿದೆ. ಸಂಜೆ ತರಗತಿಯಲ್ಲಿ. ಆದರೆ ಅದು ದೊಡ್ಡವರಿಗೆ."

"ನಾನು ದೊಡ್ಡವನೇ. ಬುಕ್ ಮಾಡಿ."

"ಏನು ಕಲಿಸ್ತಾರೆ ಅಂತಾನೂ ಕೇಳಲ್ವಾ?"

"ಒಳಗೆ ಹೋದಮೇಲೆ ನೋಡ್ಕೋತೀನಿ."

ಹೀಗೆ ಸಾಹೇಬರು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಗಂಟಲು ಸರಿಮಾಡಿಕೊಂಡು, ಈಗ ತಾವು ಈ ಶಾಲೆಯ ವಿದ್ಯಾರ್ಥಿ, ಜಾರುಬಂಡೆಯ ಮೇಲೆ ತಲೆಕೆಳಗಾಗಿ ಮಲಗಿರುವವನು ಮತ್ತು ಕಿಟಕಿಗೆ ಅಂಟಿಕೊಂಡಿರುವವಳು ತಮ್ಮ ಮನೆಯವರು ಎಂದು ಪರಿಚಯಿಸಿದರು. ಮೇಡಂ ನಿಯಮವನ್ನು ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಒಳಗಿನಿಂದ ಯಾರೋ ಬಿದ್ದು ಬಿದ್ದು ನಗುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಮೇಡಂ ಬಂದು ಎರಡು ಜಾಗ ಕೊಟ್ಟರು, ಜೊತೆಗೊಂದು ಷರತ್ತನ್ನೂ ಕೊಟ್ಟರು. ಸಾಹೇಬರು ವರ್ಷ ಪೂರ್ತಿ ತಪ್ಪದೆ ಕಲಿಯಬೇಕು. ಅವರು ಬಿಟ್ಟ ದಿನ ಮಕ್ಕಳ ಜಾಗವೂ ಹೋಗುತ್ತದೆ.

ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿದ್ದರು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ಹಿಂತಿರುಗಿದರು. ಅಂದಹಾಗೆ ಏನು ಕಲಿಸ್ತಾರೆ ಎಂದು ಕೇಳಿದರು.

"ಹೊಲಿಗೆ" ಎಂದರು ಮೇಡಂ.

ಮನೆಗೆ ಬಂದು ಮೂರು ಸೀಟು ತಂದಿದ್ದೇನೆ ಎಂದಾಗ ಹೆಂಡತಿ ಮಕ್ಕಳ ಕಡೆ ನೋಡಿ, ಎಣಿಸಿ, "ನಮಗಿರೋದು ಇಬ್ಬರಲ್ವಾ?" ಎಂದಳು. ವಿಷಯ ತಿಳಿದಮೇಲೆ ಅವಳು ನಗಲಿಲ್ಲ. ಗಂಡನ ಕೈ ಹಿಡಿದು, ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ನಕ್ಕಳು.

ಹೊಲಿಗೆಯೇನು ಮಹಾ, ಸೂಜಿಗೂ ನೂಲಿಗೂ ಒಂದು ಸೀಟು ಗೊತ್ತುಮಾಡಿದರೆ ಮುಗಿಯಿತು ಎಂದು ಸಾಹೇಬರು ಮೊದಲ ಸಂಜೆ ಮೀಸೆ ತಿರುವಿಕೊಂಡು ಹೋದರು. ಕಲಿಸುತ್ತಿದ್ದವರು ಮಗಳ ಕ್ಲಾಸ್ ಟೀಚರೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೆಲ್ಲಗೆ ಮಾತಾಡುವವರು, ಒಂದು ನೂಲು ವಾರೆಯಾದರೂ ಬಿಡದವರು. ಪಕ್ಕದ ಯಂತ್ರದಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರು ಕೂತಿದ್ದರು. ಎಷ್ಟಾದರೂ ಕಾಲಿನ ಹಿಡಿತ ಇದ್ದವರು, ಗೆರೆ ತಪ್ಪದೆ ಓಡಿಸುತ್ತಿದ್ದರು. ಸಾಹೇಬರ ಯಂತ್ರಕ್ಕೆ ಮಾತ್ರ ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಿರಲಿಲ್ಲ. ಇನ್ನು ನೂಲು! ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಒಳಕ್ಕೆ ಮಾತ್ರ ಹೋಗಲಿಲ್ಲ. ತಮ್ಮ ದೃಷ್ಟಿಯಲ್ಲೇ ಏನೋ ಐಬಿರಬೇಕು ಎಂದು ಸಾಹೇಬರು ಹೆಂಡತಿಯ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಕಣ್ಣು ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇದೆ ಎಂದು ಹೆಂಡತಿ ವರದಿ ಕೊಟ್ಟಳು.

ದಿಂಬಿನ ಕವರಿನ ಪ್ರಸಂಗ ನಡೆದದ್ದು ಮಳೆ ಮೋಡ ಕವಿದ ಒಂದು ಸಂಜೆ. ಉಳಿದವರು ಹೊಲಿದು ಮುಗಿಸಿ ಎದ್ದುಹೋಗಿದ್ದರು, ಟೀಚರು ಬೀರುವಿಗೆ ಬೀಗ ಹಾಕುತ್ತಿದ್ದರು. ಸಾಹೇಬರು ತರಾತುರಿಯಲ್ಲಿ ಕೊನೆಯ ಅಂಚು ಎಳೆದು, ನೂಲು ಕತ್ತರಿಸಿ, ಎದ್ದು ನೋಡುತ್ತಾರೆ, ಯಂತ್ರದ ಮೇಲೆ ಕವರೇ ಇಲ್ಲ! ಚೀಲಕ್ಕೆ ಹಾಕಿಕೊಂಡಿರಬೇಕು ಎಂದುಕೊಂಡು ಹೊರಟರು. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಹೊಸ ಊರಿನಲ್ಲೂ ಆಗಲೇ ತಮ್ಮ ಹೆಸರು ಹರಡಿದೆ ಎಂದು ಸಾಹೇಬರು ಒಬ್ಬಿಬ್ಬರಿಗೆ ತಲೆಯಾಡಿಸಿ ಮರ್ಯಾದೆ ಸ್ವೀಕರಿಸಿದರು.

ಬಾಗಿಲು ತೆಗೆದವಳು ಮಗಳು. "ಅಪ್ಪಾ, ದಿಂಬಿನ ಕವರು ಯಾಕೆ ಉಟ್ಕೊಂಡಿದೀಯಾ?" ಎಂದಳು.

ನೋಡಿದರೆ, ಹೊರಗೆ ಬಿಟ್ಟಿದ್ದ ಅಂಗಿಯ ಅಂಚಿಗೆ ಕವರು ಭದ್ರವಾಗಿ ಹೊಲಿಗೆ ಬಿದ್ದು ಬಲತೊಡೆಯ ಮೇಲೆ ಬಾವುಟದ ಹಾಗೆ ಹಾರಾಡುತ್ತಿತ್ತು. ಮಗಳು ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತರಗತಿಯಲ್ಲಿ ಯಾರು ಏನಂದರು, ಹೊಸದಾಗಿ ಗೆಳತಿಯಾಗಿರುವ ಹುಡುಗಿ ಎಷ್ಟು ತಮಾಷೆ, ಇದನ್ನು ಅವಳಿಗೆ ಹೇಳಿದರೆ ಹೇಗೆ ನಗುತ್ತಾಳೆ ಎಂದು ಊಟದವರೆಗೂ ಮಾತು ನಿಲ್ಲಿಸಲಿಲ್ಲ. ಹೊಸ ಊರಿಗೆ ಬಂದಮೇಲೆ ಮಗಳು ಮನಸ್ಸು ಬಿಚ್ಚಿ ನಕ್ಕಿದ್ದು ಅದೇ ಮೊದಲು. ಸಾಹೇಬರಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಅಂಗಿಯನ್ನು ಬಿಚ್ಚದೆ ಹಾಗೇ ಊಟಕ್ಕೆ ಕೂತರು.

ಅಂದಿನಿಂದ ಅಪ್ಪನ ಹೊಲಿಗೆಯ ಉಸ್ತುವಾರಿ ಮಗಳದಾಯಿತು. ಅವಳ ಬೆರಳು ಚುರುಕು. ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲಿ ಹೊಲಿದು ತರಬೇಕೆಂದು ಟೀಚರು ಮನೆಗೆಲಸ ಕೊಟ್ಟಾಗ ಸಾಹೇಬರು ಹೊಲಿದದ್ದು ಇಲಿ ಕಡಿದ ತೂತಿನ ಹಾಗೆ ಕಾಣುತ್ತಿತ್ತು. ಇದನ್ನು ನೋಡಿ ಟೀಚರು ನನ್ನನ್ನು ತೆಗೆದುಹಾಕಿದರೆ ನಿಮ್ಮಿಬ್ಬರ ಗತಿ ಏನು ಎಂದು ಸಾಹೇಬರು ನಿಜವಾದ ಭಯದಿಂದಲೇ ಮಗಳ ಮುಂದೆ ಗೋಳಾಡಿದರು. ಮಗಳು ಬಟ್ಟೆ ಕಿತ್ತುಕೊಂಡು, ಒಂದು ಸಾಲು ಕಾಜಾ ಮುತ್ತು ಪೋಣಿಸಿದಂತೆ ಹೊಲಿದುಕೊಟ್ಟಳು. ಟೀಚರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಟ್ಟೆಯನ್ನು ಮಡಚಿ ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು. ಮೆಚ್ಚಿ ಇಟ್ಟುಕೊಂಡರು ಎಂದು ಸಾಹೇಬರು ಮನೆಯಲ್ಲಿ ಹೇಳಿದರು.

ಆಮೇಲೆ ಬಂತು ಪೋಷಕರ ಸಭೆ. ಒಂದು ಮನೆಯ ವಿಷಯವನ್ನೆಲ್ಲ ಒಬ್ಬರೇ ಟೀಚರು ಹೇಳುವುದು ಆ ಶಾಲೆಯ ಪದ್ಧತಿ. ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂರಬೇಕು, ತಂದೆತಾಯಿ ಒಳಗೆ ಹೋಗಬೇಕು. ಸಾಹೇಬರು ಕೋಟು ತೊಟ್ಟು, ಎದೆ ಮುಂದೆ ಮಾಡಿಕೊಂಡು, ಹೆಂಡತಿಗಿಂತ ಒಂದು ಹೆಜ್ಜೆ ಮೊದಲೇ ಒಳಗೆ ಹೋಗಿ ಕೂತರು.

"ದೊಡ್ಡವಳದು ಏನೂ ತೊಂದರೆ ಇಲ್ಲ. ಮೊದಮೊದಲು ಮಂಕಾಗಿದ್ದಳು, ಈಗ ಚೆನ್ನಾಗಿ ಬೆರೆತಿದ್ದಾಳೆ" ಎಂದರು ಟೀಚರು.

ಎಲ್ಲ ತಮ್ಮ ತರಬೇತಿ ಎಂಬಂತೆ ಸಾಹೇಬರು ತಲೆಯಾಡಿಸಿದರು.

"ಚಿಕ್ಕವನಿಗೆ ಮಾತು ಸ್ವಲ್ಪ ಜಾಸ್ತಿ. ಆದರೆ ನಿಜ ಬಿಟ್ಟು ಬೇರೆ ಹೇಳಲ್ಲ."

ಸಾಹೇಬರು ಇನ್ನೂ ಜೋರಾಗಿ ತಲೆಯಾಡಿಸಿದರು. ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಸಾಹೇಬರ ಹೆಂಡತಿಯ ಕಡೆಗೆ ತಿರುಗಿಸಿಕೊಂಡರು.

"ಮೂರನೆಯವರ ವಿಷಯ ಸ್ವಲ್ಪ ಮಾತಾಡಬೇಕಿತ್ತು."

ಡ್ರಾಯರಿನಿಂದ ಆ ಕಾಜಾದ ಬಟ್ಟೆ ಹೊರಬಂತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆಯಲ್ಲ ಎಂದಳು.

"ತುಂಬಾ ಚೆನ್ನಾಗಿದೆ. ಅದೇ ತೊಂದರೆ" ಎಂದರು ಟೀಚರು. "ಮಕ್ಕಳ ಮನೆಗೆಲಸ ಅಪ್ಪಂದಿರು ಮಾಡಿಕೊಡೋದು ನೋಡಿದೀನಿ. ಅಪ್ಪನ ಮನೆಗೆಲಸ ಮಗಳು ಮಾಡಿಕೊಡೋದು ಇದೇ ಮೊದಲು."

ಹೆಂಡತಿ ಗಂಡನನ್ನು ನೋಡಿದಳು. ಗಂಡ ಸೀಲಿಂಗ್ ಫ್ಯಾನನ್ನು ನೋಡಿದರು. ತಾವು ಹೋದರೆ ಹೋಗಲಿ, ಹೊರಗೆ ಬೆಂಚಿನ ಮೇಲಿರುವ ಆ ಎರಡು ಜೀವಗಳ ಜಾಗ ಹೋಯಿತಲ್ಲ! "ಮೇಡಂ, ತಪ್ಪು ನಂದು. ಮಕ್ಕಳನ್ನ ಮಾತ್ರ ತೆಗೀಬೇಡಿ. ಬೇಕಾದರೆ ಮುಂದಿನ ವರ್ಷಾನೂ ಬಂದು ಕಲೀತೀನಿ" ಎಂದು ಎದ್ದುನಿಂತೇಬಿಟ್ಟರು. ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಗಿರಲಿಲ್ಲ.

ಯಾರ ಜಾಗವೂ ಹೋಗುವುದಿಲ್ಲ, ಹೆದರಬೇಡಿ ಎಂದು ಟೀಚರು ಸಮಾಧಾನ ಹೇಳಿದರು. ಮುಂದಿನ ವರ್ಷವೂ ಬರಬೇಕಾಗಬಹುದು ಎಂಬ ಮಾತನ್ನು ಮಾತ್ರ ಅವರು ಅಲ್ಲಗಳೆಯಲಿಲ್ಲ. ಆಮೇಲೆ ಬಹಳ ಮೃದುವಾಗಿ ಬಾಗಿಲ ಕಡೆ ಕೈ ತೋರಿಸಿದರು.

"ನೀವು ಸ್ವಲ್ಪ ಹೊರಗಿರಿ. ನಿಮ್ಮ ಮನೆಯವರ ಹತ್ತಿರ ಮಾತಾಡಬೇಕು."

ಸಾಹೇಬರು ಹೆಂಡತಿಯ ಮುಖ ನೋಡಿದರು. ಅವಳು ಹೋಗಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿ, ಕುರ್ಚಿಯನ್ನು ಟೀಚರ ಹತ್ತಿರಕ್ಕೆ ಎಳೆದುಕೊಂಡಳು. ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದರು. ಹಿಂದೆ ಬಾಗಿಲು ಮುಚ್ಚಿತು. ಕಾರಿಡಾರಿನ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಬೆಂಚುಗಳು, ಬೆಂಚುಗಳ ತುಂಬ ಮಕ್ಕಳು. ಅವರೆಲ್ಲ ಮಾತು ನಿಲ್ಲಿಸಿ, ಕೋಟು ತೊಟ್ಟು ಬಂದ ಈ ಹೊಸಬನನ್ನು ನೋಡಿದರು. ಮಗಳು ಗೆಳತಿಯ ಭುಜದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಮಗ ಮಾತ್ರ ನಗಲಿಲ್ಲ. ಅಕ್ಕನ ಕಡೆಗೆ ಒತ್ತರಿಸಿಕೊಂಡು, ಪಕ್ಕದಲ್ಲಿ ಒಂದು ಗೇಣು ಜಾಗ ಮಾಡಿ, ಅಂಗೈಯಿಂದ ಬೆಂಚು ತಟ್ಟಿದ.

"ಬಾ ಅಪ್ಪ, ನಿಂಗೂ ಒಂದು ಸೀಟು ಹಿಡಿದಿದೀನಿ."