ಕಾಕಾನ ವೀಣೆಯ ಪಟ್ಟಿ

ಲೋಕದವರೆಲ್ಲ ವೀಣೆಯನ್ನು ಬೆರಳಿನಿಂದ ಕಲಿತರೆ ನಮ್ಮ ಕಾಕಾ ಕುತ್ತಿಗೆಯಿಂದ ಕಲಿತರು! ನಗಬೇಡಿ, ಆ ಗಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ಎಪ್ಪತ್ತರ ದಶಕದ ಮಾತು. ಇಂಡಿ ತಾಲೂಕಿನ ಅಗರಖೇಡದಲ್ಲಿ ಕಾಕಾ ಮಾಸ್ತರರು. ಸುಮ್ಮನೆ ಕೂತಿರುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಊರಿನ ಕಟ್ಟೆಗಳಿಗೆಲ್ಲ ಅವರ ಗುರುತಿತ್ತು. ಇಂಥವರಿಗೆ ವಿಠ್ಠಲನ ಗುಡಿಯ ಹಗಲುರಾತ್ರಿಯ ಭಜನಾ ಸಪ್ತಾಹದಲ್ಲಿ ವೀಣೆ ಹಿಡಿದು ನಿಲ್ಲುವ ಆಸೆ ಯಾಕೆ ಹುಟ್ಟಿತು? ವಿಠ್ಠಲನನ್ನೇ ಕೇಳಬೇಕು. ಅವನೂ ನಿಂತೇ ಇರುವವನು!

ಈ ವೀಣೆ ಬಾರಿಸುವುದು ಸುಲಭ. ಕೊರಳಿಗೆ ತೂಗುಹಾಕಿಕೊಂಡು ತಂತಿ ಮೀಟುತ್ತ ನಿಂತರಾಯಿತು. ಆದರೆ ಸಪ್ತಾಹ ಮುಗಿಯುವವರೆಗೆ ಅದನ್ನು ನೆಲಕ್ಕಿಡುವಂತಿಲ್ಲ. ಪಾಳಿ ಮುಗಿದವರು ಮುಂದಿನವರ ಕೊರಳಿಗೆ ಹಾಕಬೇಕು, ಒಬ್ಬರ ಕಾಲನ್ನೊಬ್ಬರು ಮುಟ್ಟಿ ನಮಸ್ಕರಿಸಬೇಕು. ನೆಲಕ್ಕೆ ತಾಗಿತೋ, ಸಪ್ತಾಹ ಮುರಿದಂತೆ! ಆ ವರ್ಷ ಗುಡಿಯ ಹಳೆಯ ವೀಣೆ ಬಿರುಕು ಬಿಟ್ಟಿತ್ತು. ಕಾಕಾ ಪಂಢರಪುರದಿಂದ ಹೊಸದನ್ನು ತಂದುಕೊಟ್ಟು, ತಮಗೂ ಒಂದು ಪಾಳಿ ಬೇಕೆಂದು ಪಟ್ಟು ಹಿಡಿದರು.

"ಮಾಸ್ತರ, ನಿಂದ್ರೋದು ನಿಮ್ಮ ಕೈಲೆ ಆಗ್ತೈತೇನ್ರಿ?" ಎಂದರು ಗುಡಿಯ ಹಿರಿಯರು.

"ಪಟ್ಟಿ ಛಲೋ ಇದ್ರ ಆತ್ರಿ. ಭಾರ ಎಲ್ಲಾ ಅದರ ಮ್ಯಾಲ!"

ಹೀಗೆ ವೀಣೆಗೆ ಕಟ್ಟುವ ಪಟ್ಟಿಯ ಹುಡುಕಾಟ ಶುರುವಾಯಿತು. ಮೊದಲು ಕಟ್ಟಿದ್ದು ನೈಲಾನ್ ಹಗ್ಗ. ಅಭ್ಯಾಸದ ಮೊದಲ ದಿನವೇ ಕುತ್ತಿಗೆ ಸುಲಿಯಿತು. ಅರಿಶಿನ ಮೆತ್ತಿಕೊಂಡು ಶಾಲೆಗೆ ಹೊರಟರೆ ದಾರಿಯಲ್ಲೊಬ್ಬ ಕೇಳಿದ, "ಏನ್ರಿ ಮಾಸ್ತರ, ನೊಗಕ್ಕ ಕೊಳ್ಳ ಕೊಟ್ಟಿದ್ರೇನು?"

ಆಮೇಲೆ ಟ್ರಾನ್ಸಿಸ್ಟರಿನ ತೊಗಲಿನ ಪಟ್ಟಿ. ಗೂಟಕ್ಕೆ ತೂಗುತ್ತಿದ್ದ ರೇಡಿಯೊ ಒಲೆಯ ಪಕ್ಕಕ್ಕೆ ಬಂತು. ದೇಶದ ವಾರ್ತೆಯೆಲ್ಲ ಜೋಳದ ಹಿಟ್ಟಿನೊಳಗಿಂದ ಕೇಳತೊಡಗಿತು! ರೇಡಿಯೊದ ಭಾರಕ್ಕೆ ಹುಟ್ಟಿದ ಪಟ್ಟಿ ವೀಣೆಯ ಭಾರಕ್ಕೆ ಕಿತ್ತುಬಂತು. ಪುಣ್ಯಕ್ಕೆ ಕೆಳಗೆ ಹಾಸಿಗೆಯಿತ್ತು.

"ಸಪ್ತಾಹದಾಗೂ ಕಾಲಾಗ ಗಾದಿ ಹಾಸಲೇನ್ರಿ?" ಎಂದಳು ಅವರ ಹೆಂಡತಿ, ನಮ್ಮ ಕಾಕು.

ಕಾಕಾ ಸೋಲುವರೆ? ಮರುದಿನ ಎತ್ತಿನ ಕೊರಳಪಟ್ಟಿ ಬಿಚ್ಚಿ ತಂದರು. ಅಗಲವಾಗಿತ್ತು, ಮೆತ್ತಗಿತ್ತು, ವಾಸನೆಯೊಂದೇ ಹೆಚ್ಚು. ಅವರು ಗೆಜ್ಜೆಗಳನ್ನು ಕೀಳುತ್ತಿದ್ದರೆ ಕಾಕು ತಡೆದಳು.

"ಗೆಜ್ಜಿ ಇರ್ಲಿ ಬಿಡ್ರಿ. ಯಾವ ಕಟ್ಟಿ ಮ್ಯಾಲ ಕುಂತೀರಿ ಅಂತ ನಮಗ ಗೊತ್ತಾಗ್ತೈತಿ!"

ಕಾಕಾ ಸಿಟ್ಟಾಗಿ ಉಣ್ಣದೆ ಎದ್ದುಹೋದರು. ಹೋದದ್ದು ಎಲ್ಲಿಗೆ? ಕಟ್ಟೆಗೇ. ಅವರಿಲ್ಲದ ಹೊತ್ತಿನಲ್ಲಿ ಕಾಕು ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ, ಒಳಗೆ ಅರಳೆ ತುಂಬಿ, ಪಟ್ಟಿ ಹೊಲಿದಳು. ಅಳತೆಗೆ ಕಾಕಾ ಸಿಗಬೇಕಲ್ಲ! ತನ್ನ ಕೊರಳಿಗೇ ಹಾಕಿ ನೋಡಿಕೊಂಡಳು.

"ಒಂಚೂರು ಗಿಡ್ಡ ಆತು," ಎಂದರು ಕಾಕಾ. ಅಷ್ಟು ಕೊಂಕು ತೆಗೆದರೂ ಮತ್ತೆ ಅದನ್ನು ಬಿಚ್ಚಲಿಲ್ಲ.

ಸಪ್ತಾಹದಲ್ಲಿ ಅವರಿಗೆ ಮಧ್ಯಾಹ್ನದ ಪಾಳಿ ಸಿಕ್ಕಿತು. ಊರೇ ನೋಡುವಂತೆ ನಿಂತರು. ಆದರೆ ಪಾಳಿ ಮುಗಿದರೂ ಮುಂದಿನವನ ಪತ್ತೆಯಿಲ್ಲ. ಕರೆಂಟ್ ಬಂತೆಂದು ಕಬ್ಬಿಗೆ ನೀರು ಬಿಡಲು ಓಡಿದ್ದನಂತೆ! ಗುಡಿಯಲ್ಲಿ ಉಳಿದವರು ತಾಳ ಬಿಡುವಂತಿಲ್ಲದ ಮುದುಕರಿಬ್ಬರು, ನಿಲ್ಲಲಾರದೆ ಮೂಲೆಗೊರಗಿ ಕೂತ ಹಿರಿಯರು, ನಾನು. ವೀಣೆಗೆ ಕೈಚಾಚಿದ ನನ್ನನ್ನು ಹಿರಿಯರು ತಡೆದರು. ಆಗಿನ ನನ್ನ ಎತ್ತರಕ್ಕೆ ವೀಣೆಯ ಬುಡ ನೆಲಕ್ಕೇ ತಾಗುತ್ತಿತ್ತು! ಕಾಕಾ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕುತ್ತ ಕಂಬಕ್ಕೊರಗಿದ್ದರು. ಪಟ್ಟಿ ಕುತ್ತಿಗೆಯನ್ನು ಕಾಯಬಲ್ಲದು, ಕಾಲನ್ನು ಯಾರು ಕಾಯಬೇಕು?

ಚಹಾ ತಂದ ಕಾಕು ಒಮ್ಮೆ ನೋಡಿದಳು. ಕಿಟ್ಲಿ ಕೆಳಗಿಟ್ಟು ಕೊರಳು ಚಾಚಿದಳು.

"ಕೊಡ್ರಿ ಇಲ್ಲಿ."

"ಹೆಣ್ಮಕ್ಕಳು ವೀಣಾ ಹಿಡಿಯೂದು ನಮ್ಮೂರಾಗ ಇಲ್ಲವ್ವಾ," ಎಂದರು ಹಿರಿಯರು.

"ನೆಲಕ್ಕ ಇಡೂದು ಐತೇನ್ರಿ?"

ಹಿರಿಯರು ಹಾಕಿರಿ ಎಂದು ಕಾಕಾಗೆ ಕೈಸನ್ನೆ ಮಾಡಿದರು. ಕಾಕಾ ವೀಣೆಯನ್ನು ಆಕೆಯ ಕೊರಳಿಗೆ ಹಾಕಿದರು. ಪಟ್ಟಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಇನ್ನು ಪದ್ಧತಿಯಂತೆ ಕಾಲು ಮುಟ್ಟಬೇಕು. ಹೆಂಡತಿಯ ಕಾಲು, ಗುಡಿಯಲ್ಲಿ, ಎಲ್ಲರೆದುರು!

ಕಾಕಾ ಬಾಗಿದರು. ನಮಸ್ಕಾರ ಮುಗಿದರೂ ಅವರ ಕೈ ಅಲ್ಲೇ ಇತ್ತು.

"ಏಳ್ರಿ, ಮಂದಿ ನೋಡಾಕತ್ತಾರ," ಎನ್ನುತ್ತ ಕಾಕು ವೀಣೆಯನ್ನು ಎದೆಗವಚಿಕೊಂಡು ತಾನೂ ಬಾಗಿ ಅವರ ಕಾಲು ಮುಟ್ಟಿದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಗುಡಿಯ ಕಟ್ಟೆ ಅಲ್ಲೇ ಇತ್ತು, ನೆರಳೂ ಇತ್ತು. ಕಾಕಾ ಕೂರಲಿಲ್ಲ. ಆಕೆಯ ಪಾಳಿ ಮುಗಿಯುವವರೆಗೂ ಪಕ್ಕದಲ್ಲಿ ನಿಂತೇ ಇದ್ದರು.