ಹಾರ್ಟಾಪ್‌ಗೆ ಮರುಭೇಟಿ

ವಿಕ್ಟೋರಿಯಾ ಮಹಾರಾಣಿಯವರ ಕಾಲದಲ್ಲಿ, ಆಕ್ಸ್‌ಫರ್ಡಿನ ನಮ್ಮ ಸಂತ ಆಸ್ವಿನ್ ಕಾಲೇಜಿನಲ್ಲಿ, ಪರಿಚಯವಾಗದವರನ್ನು ಮಾತಾಡಿಸುವುದು ನಿಷಿದ್ಧವಾಗಿತ್ತು. ಪರಿಚಯವಾಗುವ ಕ್ರಮವೂ ಖಚಿತವಾಗಿತ್ತು. ಹಿರಿಯ ವಿದ್ಯಾರ್ಥಿಯು ಹೊಸಬನ ಕೋಣೆಗೆ ಹೋಗಿ, ಅವನಿಲ್ಲದಿದ್ದರೆ ತನ್ನ ಹೆಸರಿನ ಕಾರ್ಡು ಬಿಟ್ಟು ಬರತಕ್ಕದ್ದು. ಹೊಸಬನು ಮಧ್ಯಾಹ್ನ ಎರಡರಿಂದ ಐದರೊಳಗೆ ಮರುಭೇಟಿ ಕೊಡತಕ್ಕದ್ದು. ಆದರೆ ಅವನು ಕಾರ್ಡು ಬಿಡುವಂತಿಲ್ಲ. ಹಿರಿಯನು ಕೋಣೆಯಲ್ಲಿ ಸಿಗುವ ತನಕ ಹೋಗುತ್ತಲೇ ಇರತಕ್ಕದ್ದು. ಈ ನಡುವೆ ಮೂರನೆಯವರು ಪರಿಚಯ ಮಾಡಿಸಿದರೆ ಅದು ಇಬ್ಬರಿಗೂ ಅವಮಾನ.

ಪಿಲ್‌ಬೀಮ್ ಎಂಬ ಹೊಸ ಹುಡುಗನ ಕೋಣೆಯಲ್ಲಿ ಹಾರ್ಟಾಪ್ ಕಾರ್ಡು ಬಿಟ್ಟು ಬಂದ. ಹಾರ್ಟಾಪ್ ನಮ್ಮ ದೋಣಿ ತಂಡದ ಮುಖ್ಯ ಹುಟ್ಟುಗಾರ. ಅವನು ಹುಟ್ಟು ಹಾಕಿದಂತೆ ನಾವೆಲ್ಲ ಹಾಕಬೇಕು, ಅವನು ನಿಲ್ಲಿಸಿದರೆ ಮಾತ್ರ ನಿಲ್ಲಿಸಬೇಕು. ಪಿಲ್‌ಬೀಮ್ ಹಗುರ ಮೈಯವನಾದ್ದರಿಂದ ಅವನನ್ನು ಚುಕ್ಕಾಣಿಗೆ ಕೂರಿಸಿದೆವು. ಹುಟ್ಟು ಹಾಕುವವರು ಹಿಮ್ಮುಖವಾಗಿ ಕೂರುವುದರಿಂದ ದಾರಿ ಕಾಣುವುದು ಚುಕ್ಕಾಣಿಯವನೊಬ್ಬನಿಗೇ. ಅಭ್ಯಾಸ ದಿನವೂ ಎರಡರಿಂದ ಐದು. ಹೀಗಾಗಿ ಮರುಭೇಟಿಯ ಹೊತ್ತಿನಲ್ಲಿ ಹಾರ್ಟಾಪ್ ಕೋಣೆಯಲ್ಲಿರುತ್ತಿರಲಿಲ್ಲ; ದೋಣಿಯಲ್ಲಿ ಪಿಲ್‌ಬೀಮನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿರುತ್ತಿದ್ದ. ಇಬ್ಬರೂ ಸಂಭಾವಿತರು. ಒಬ್ಬ ಎಡದಂಡೆ ನೋಡುತ್ತಿದ್ದ, ಇನ್ನೊಬ್ಬ ಬಲದಂಡೆ.

ಪಿಲ್‌ಬೀಮ್ ಸೊರಗಿದ. ಅವನು ಓದಿದ ಶಾಲೆಯಲ್ಲೇ ನಾನೂ ಓದಿದ್ದರಿಂದ ನಮ್ಮಿಬ್ಬರ ಮಾತಿಗೆ ಅಡ್ಡಿಯಿರಲಿಲ್ಲ.

"ಅವರು ನನ್ನನ್ನ ಸೊಕ್ಕಿನವನು ಅಂದ್ಕೊಂಡಿರ್ತಾರೆ," ಎಂದ.

"ಒಂದಿನ ಅಭ್ಯಾಸಕ್ಕೆ ಚಕ್ಕರ್ ಹೊಡೆದು ಹೋಗಿ ಬಾರಯ್ಯ."

"ಹೊಡೆದಿದ್ದೆ. ಚುಕ್ಕಾಣಿಗೆ ಜನ ಇಲ್ಲ ಅಂತ ಅಭ್ಯಾಸಾನೇ ನಿಲ್ಲಿಸಿದ್ರು. ಹಾರ್ಟಾಪ್ ಅವರು ಅಡ್ಡಾಡೋಕೆ ಹೋಗಿಬಿಟ್ರು."

ಕೊನೆಗೆ ತಂಡದ ನಾಯಕ ಗ್ಯಾಸ್ಕೊಯ್ನ್ ಒಂದು ಏರ್ಪಾಡು ಮಾಡಿದ. ಅವನೂ ನಮ್ಮ ಶಾಲೆಯವನೇ; ಕೂರುವುದು ಹಾರ್ಟಾಪನ ಬೆನ್ನ ಹಿಂದೆ. ಪಿಲ್‌ಬೀಮ್ ಹೇಳುವುದನ್ನೆಲ್ಲ ಗ್ಯಾಸ್ಕೊಯ್ನ್‌ಗೆ ಹೇಳತಕ್ಕದ್ದು, ಅವನು ಹಾರ್ಟಾಪ್‌ಗೆ ತಿಳಿಸತಕ್ಕದ್ದು.

ಮೇ ತಿಂಗಳ ಪಂದ್ಯದ ದಿನ ಎಲ್ಲರಿಗಿಂತ ಮುಂದಿದ್ದೆವು. ತಿರುವಿನಲ್ಲಿ ನಮ್ಮ ಪ್ರಿನ್ಸಿಪಾಲರ ದೋಣಿ ಅಡ್ಡ ನಿಂತಿತ್ತು. ಅವರು ಪತ್ನೀಸಮೇತರಾಗಿ ಚಹಾ ಕುಡಿಯುತ್ತಿದ್ದರು.

"ಗ್ಯಾಸ್ಕೊಯ್ನ್ ಅವರೇ," ಎಂದ ಪಿಲ್‌ಬೀಮ್, "ನಿಮ್ಮ ಮುಂದೆ ಕೂತಿರೋ ಮಹನೀಯರಿಗೆ ಹುಟ್ಟು ನಿಲ್ಲಿಸೋಕೆ ಹೇಳ್ತೀರಾ?"

"ಹಾರ್ಟಾಪ್, ನಿಲ್ಲಿಸ್ಬೇಕಂತೆ."

"ಯಾಕಂತೆ, ಕೇಳು."

"ಯಾಕೆ ಅಂತಿದ್ದಾನಯ್ಯ."

"ಪ್ರಿನ್ಸಿಪಾಲರು ಅಡ್ಡ ಇದ್ದಾರೆ ಅಂತ ದಯವಿಟ್ಟು ತಿಳಿಸಿ."

ತಿಳಿಸುವ ಅಗತ್ಯ ಬೀಳಲಿಲ್ಲ.

ನಮ್ಮೆಲ್ಲರ ಜೊತೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಪ್ರಿನ್ಸಿಪಾಲರು, "ಈ ಹುಡುಗ ಹಾರ್ಟಾಪ್‌ಗೆ ನೇರವಾಗಿ ಕೂಗಿ ಹೇಳಲಿಲ್ಲ ತಾನೆ?" ಎಂದು ವಿಚಾರಿಸಿದರು. ಇಲ್ಲ ಎಂದೆವು. ಅವರಿಗೆ ಸಮಾಧಾನವಾಯಿತು.

ಹಾರ್ಟಾಪ್ ನೆಗಡಿಯಾಗಿ ಹಾಸಿಗೆ ಹಿಡಿದ. ಮರುದಿನ ಮಧ್ಯಾಹ್ನ ಪಿಲ್‌ಬೀಮ್ ಕೈಗವಸು ತೊಟ್ಟು ಅವನ ಬಾಗಿಲು ತಟ್ಟಿದ. ಒಳಗಿನಿಂದ ಕೆಮ್ಮು ಕೇಳಿತು. ಪಿಲ್‌ಬೀಮನ ಕಣ್ಣಲ್ಲಿ ಆನಂದದ ನೀರು ಬಂತು.

"ಇವತ್ತು ಸ್ವಲ್ಪ ಮೋಡ," ಎಂದ ಪಿಲ್‌ಬೀಮ್, ಮೊದಲ ಮಾತು ಹವೆಯ ಬಗ್ಗೆಯೇ ಇರತಕ್ಕದ್ದೆಂಬ ನಿಯಮದಂತೆ.

"ಹೌದು, ಮೋಡ. ಈಗ ಕೂತ್ಕೊ ಮಾರಾಯ. ನಿನ್ನ ಮುಖ ನೋಡ್ಬಾರ್ದು ಅಂತ ತಿರುಗಿ ತಿರುಗಿ ನನ್ನ ಕುತ್ತಿಗೆ ಉಳುಕಿಹೋಗಿದೆ."

ಇಬ್ಬರೂ ಬೆಣ್ಣೆ ಸವರಿದ ಬಿಸಿ ಬ್ರೆಡ್ಡು ತಿನ್ನುತ್ತ ಕತ್ತಲಾಗುವ ತನಕ ನಕ್ಕರು.

ದೋಣಿ ಸಂಘವು ಸಭೆ ಸೇರಿ ಸರ್ವಾನುಮತದಿಂದ ನಿರ್ಣಯಿಸಿತು: ಮುಂದಿನ ವರ್ಷದಿಂದ ಅಭ್ಯಾಸಕ್ಕೆ ಮುನ್ನ ಹಿರಿಯರ ಸಮೇತ ದೋಣಿಯನ್ನು ವಿಧಿವತ್ತಾಗಿ ಮುಳುಗಿಸತಕ್ಕದ್ದು, ಹಿರಿಯರು ನೆಗಡಿಯಾಗಿ ಕೋಣೆಯಲ್ಲಿ ಸಿಗುವರು, ಹೊಸಬರ ಮರುಭೇಟಿ ಸಾಂಗವಾಗಿ ನೆರವೇರುವುದು. ಮೇ ತಿಂಗಳ ನೀರಿನಲ್ಲಿ ನೆಗಡಿ ಖಾತ್ರಿಯಿಲ್ಲ, ಫೆಬ್ರವರಿಯೇ ಆಗಲಿ ಎಂಬ ತಿದ್ದುಪಡಿಯನ್ನು ಹಾರ್ಟಾಪ್ ತಂದ, ಪಿಲ್‌ಬೀಮ್ ಅನುಮೋದಿಸಿದ.

ಪ್ರಿನ್ಸಿಪಾಲರು ಸಹಿ ಹಾಕುತ್ತ, ಆ ದಿನ ತಾವು ಚಹಾಕ್ಕೆ ಯಾವ ತಿರುವಿಗೆ ಬರಬೇಕೆಂದು ಕೇಳಿದರು.